ಪ್ಲಸ್ ವನ್ ಸಯನ್ಸ್: ಕನ್ನಡದ ಮಕ್ಕಳು ಎಡವುವುದೆಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಅಕ್ಷಯ ಕೇಂದ್ರಗಳ (ಸರಕಾರಿ ಆನ್‌ಲೈನ್ ಸೇವಾ ಕೇಂದ್ರಗಳ) ಮುಂದೆ ಹೆತ್ತವರ ಸಾಲು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸಯನ್ಸ್ ಸಿಕ್ಕೀತಾ?" ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೇ ತರಗತಿಯಲ್ಲಿ, ಅದು ಸಿಗುವುದೋ ಇಲ್ಲವೋ ಎಂದು ಏಕಜಾಲಕ ಎಂಬ ಆನ್‌ಲೈನ್ ಪ್ರವೇಶ ವ್ಯವಸ್ಥೆಯ ಅಲೋಟ್‌ಮೆಂಟ್ ಪಟ್ಟಿ ಹೇಳುತ್ತದೆ. ಸಿಕ್ಕಿದ ಮೇಲೆ ಏನು ಎಂದು ಹೇಳುವವರು ಕಡಿಮೆ. ಓಣಂ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಮನೆಯಲ್ಲಿ ಗಾಬರಿ ಶುರುವಾಗುತ್ತದೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಎ ಪ್ಲಸ್ ತಂದ ಮಗುವಿಗೆ ಫಿಸಿಕ್ಸ್‌ನಲ್ಲಿ ಅರವತ್ತರಲ್ಲಿ ಹದಿನೈದು. "ಮಗು ದಡ್ಡಾಯಿತಾ?" ಎಂದು ಕೇಳುತ್ತಾರೆ. ಇಲ್ಲ. ಎರಡು ಕಡೆ ಮೆಟ್ಟಿಲೇ ಇಲ್ಲ, ಅಲ್ಲಿ ಕಾಲಿಟ್ಟು ಬಿದ್ದಿದೆ, ಅಷ್ಟೆ. ಒಂದು ಪದಗಳದ್ದು, ಇನ್ನೊಂದು ಲೆಕ್ಕದ ಸರದಿಯದ್ದು. ಎರಡನ್ನೂ ರಜೆಯ ಐದಾರು ವಾರಗಳಲ್ಲಿ ಸರಿಮಾಡಿಕೊಳ್ಳಬಹುದು.

ಪದಗಳ ತೊಡಕನ್ನು ಹೆಚ್ಚಿನವರು "ಇಂಗ್ಲಿಷ್ ಕಷ್ಟ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಸಮಸ್ಯೆ ಮೂರು ಭಾಷೆಗಳದ್ದು. ಪಠ್ಯಪುಸ್ತಕ ಎನ್‌ಸಿಇಆರ್‌ಟಿಯ ಇಂಗ್ಲಿಷಿನದು. ವಿವರಣೆ ಬಹುಪಾಲು ಕಡೆ ಮಲಯಾಳದಲ್ಲಿ. ಮಗುವಿನ ತಲೆಯೊಳಗಿನ ವಿಜ್ಞಾನ ಮಾತ್ರ ಕನ್ನಡದ್ದು. ಈ ಮೂರೂ ಎದುರುಬದುರಾಗುವ ಒಂದು ಜಾಗ ನೋಡಿ. ಕನ್ನಡ ವಿಜ್ಞಾನದಲ್ಲಿ ಸ್ಪೀಡ್ ಎಂದರೆ ಜವ, ವೆಲಾಸಿಟಿ ಎಂದರೆ ವೇಗ. ಮಲಯಾಳದಲ್ಲಿ ಸ್ಪೀಡ್ ಎಂದರೆ 'ವೇಗಂ', ವೆಲಾಸಿಟಿ ಎಂದರೆ 'ಪ್ರವೇಗಂ'. ಅಧ್ಯಾಪಕರು 'ವೇಗಂ' ಎಂದಾಗ ಮಲಯಾಳ ಮಾಧ್ಯಮದಿಂದ ಬಂದ ಮಗು ದಿಕ್ಕಿಲ್ಲದ ಪರಿಮಾಣ ಎಂದು ಸರಿಯಾಗಿ ತಿಳಿಯುತ್ತದೆ. ಕನ್ನಡದ ಮಗು ಅದೇ ಸದ್ದು ಕೇಳಿ ದಿಕ್ಕಿರುವ ವೇಗವನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ವೃತ್ತದಲ್ಲಿ ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರಿದ ವಸ್ತುವಿನ ಸರಾಸರಿ ವೇಗ ಸೊನ್ನೆ, ಸರಾಸರಿ ಜವ ಸೊನ್ನೆಯಲ್ಲ. ಈ ಪ್ರಶ್ನೆಗೆ ಬಂದ ತಪ್ಪು ಉತ್ತರವನ್ನು ಯಾವ ಅಧ್ಯಾಪಕರೂ ಭಾಷೆಯ ತಪ್ಪೆಂದು ಗುರುತಿಸುವುದಿಲ್ಲ. ಆಕ್ಸಲರೇಶನ್ ನಮಗೆ ವೇಗೋತ್ಕರ್ಷ, ಅವರಿಗೆ 'ತ್ವರಣಂ'. ಮೊಮೆಂಟಮ್ ನಮಗೆ ಸಂವೇಗ, ಅವರಿಗೆ 'ಆಕ್ಕಂ'. ಕೆಮಿಸ್ಟ್ರಿಗೆ ಬಂದರೆ ಮಾಲಿಕ್ಯೂಲ್ ನಮ್ಮಲ್ಲಿ ಅಣು, ಅಲ್ಲಿ 'ತನ್ಮಾತ್ರ'. ಅವರು 'ಅಣುಕೇಂದ್ರಂ' ಎಂದರೆ ಅದು ಪರಮಾಣುವಿನ ನ್ಯೂಕ್ಲಿಯಸ್. ನಮ್ಮ ಮಗು ಅಣುವಿನ ನಡುಭಾಗ ಎಂದು ಬರೆದುಕೊಂಡರೆ ಅದರ ತಪ್ಪೇನು?

ಇದಕ್ಕೆ ಮದ್ದು ಸರಳ, ಆದರೆ ದಿನವೂ ಮಾಡಬೇಕು. ಒಂದು ಉದ್ದ ನೋಟ್‌ಪುಸ್ತಕದಲ್ಲಿ ನಾಲ್ಕು ಕಂಬ ಎಳೆಯಿರಿ: ಇಂಗ್ಲಿಷ್ ಪದ, ಕನ್ನಡ ಪದ, ಕ್ಲಾಸಿನಲ್ಲಿ ಕೇಳಿಸುವ ಮಲಯಾಳ ಪದ, ಕೊನೆಯದರಲ್ಲಿ ಚಿಹ್ನೆ ಮತ್ತು ಮಾನ. ದಿನಕ್ಕೆ ಹತ್ತು ಪದ ಸಾಕು. ನಾಲ್ಕನೆಯ ಕಂಬವನ್ನು ಬಿಡಬೇಡಿ. ಮಾನ ಗೊತ್ತಿದ್ದರೆ ಪದ ಮರೆತರೂ ಪರಿಮಾಣ ಯಾವುದೆಂದು ಹಿಡಿಯಬಹುದು. ನ್ಯೂಟನ್-ಮೀಟರ್ ಕಂಡರೆ ಒಂದೋ ಕೆಲಸ ಅಥವಾ ಶಕ್ತಿ, ಇಲ್ಲವೇ ಟಾರ್ಕ್ (ಬಲದ ತಿರುಗಿಸುವ ಪರಿಣಾಮ). ಹೆತ್ತವರಲ್ಲಿ ಒಂದು ಮಾತು: ಮನೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಮಾತಾಡುವುದನ್ನು ನಿಲ್ಲಿಸಬೇಡಿ. ಅರ್ಥ ಕನ್ನಡದಲ್ಲಿ ಗಟ್ಟಿಯಾಗಲಿ, ಉತ್ತರ ಇಂಗ್ಲಿಷಿನಲ್ಲಿ ಬರಲಿ. ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಮಗು ಪ್ರಶ್ನೆಯ ಒಂದು ಪದ ಬದಲಾದರೂ ಮುಗ್ಗರಿಸುತ್ತದೆ.

ಎರಡನೆಯ ತೊಡಕು ಭಾಷೆಗಿಂತ ದೊಡ್ಡದು. ಕನ್ನಡದ ಮಕ್ಕಳಿಗೆ ಮಾತ್ರವಲ್ಲ, ಎಲ್ಲರಿಗೂ ಇರುವಂಥದ್ದು. ಫಿಸಿಕ್ಸ್ ಮತ್ತು ಕೆಮಿಸ್ಟ್ರಿ ಕೇಳುವ ಗಣಿತವನ್ನು ಗಣಿತದ ಕ್ಲಾಸು ಎಷ್ಟೋ ತಿಂಗಳ ನಂತರ ಕಲಿಸುತ್ತದೆ. ಪ್ಲಸ್ ವನ್ ಫಿಸಿಕ್ಸ್‌ನ ಎರಡನೇ ಪಾಠ ಸರಳರೇಖೆಯಲ್ಲಿನ ಚಲನೆ. ಕ್ಷಣದ ವೇಗ ಎಂದರೆ ಸ್ಥಾನದ ಡೆರಿವೇಟಿವ್ (ಬದಲಾಗುವ ದರ) ಎಂದು ಅಲ್ಲೇ ಬರುತ್ತದೆ. ಗಣಿತದಲ್ಲಿ ಲಿಮಿಟ್ ಮತ್ತು ಡೆರಿವೇಟಿವ್ ಹನ್ನೆರಡನೇ ಪಾಠ. ಫಿಸಿಕ್ಸ್‌ನ ಮೂರನೇ ಪಾಠಕ್ಕೆ ವೆಕ್ಟರ್ (ದಿಕ್ಕೂ ಇರುವ ಪರಿಮಾಣ) ಬೇಕು, ಗಣಿತದಲ್ಲಿ ವೆಕ್ಟರ್ ಆಲ್‌ಜಿಬ್ರಾ ಬರುವುದು ಪ್ಲಸ್ ಟುವಿನಲ್ಲಿ, ಹತ್ತನೇ ಪಾಠವಾಗಿ. ಬದಲಾಗುತ್ತಾ ಹೋಗುವ ಬಲ ಮಾಡುವ ಕೆಲಸವನ್ನು ಐದನೇ ಪಾಠದಲ್ಲಿ ಲೆಕ್ಕಹಾಕಲು ಇಂಟಿಗ್ರೇಶನ್ ಬೇಕು, ಅದೂ ಪ್ಲಸ್ ಟುವಿನದು. ಕೆಮಿಸ್ಟ್ರಿಯ ಆರನೇ ಪಾಠದಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ) ಲೆಕ್ಕಕ್ಕೆ ಲಾಗರಿದಮ್ (10ರ ಎಷ್ಟನೇ ಘಾತ ಎಂಬ ಸಂಖ್ಯೆ) ಬೇಕು. ಹತ್ತನೇ ತರಗತಿಯಲ್ಲಿ ಅದರ ಹೆಸರನ್ನೇ ಕೇಳಿರದ ಮಕ್ಕಳಿದ್ದಾರೆ. ಫಿಸಿಕ್ಸ್ ಅಧ್ಯಾಪಕರು "ಇದು ಗಣಿತದಲ್ಲಿ ಬರುತ್ತದೆ" ಎಂದು ಮುಂದೆ ಹೋಗುತ್ತಾರೆ, ಗಣಿತದವರು "ಅದಕ್ಕೆ ಇನ್ನೂ ಸಮಯವಿದೆ" ಎನ್ನುತ್ತಾರೆ. ಇಬ್ಬರದ್ದೂ ಸುಳ್ಳಲ್ಲ. ನಡುವೆ ಸಿಕ್ಕಿಬಿದ್ದದ್ದು ಮಗು.

ಇಲ್ಲಿ ಬೇಕಾದ ಗಣಿತ ನಿಜಕ್ಕೂ ಸ್ವಲ್ಪವೇ. ಡೆರಿವೇಟಿವ್‌ಗೆ ಸದ್ಯ ಮೂರು ಸಂಗತಿ ಸಾಕು. ಘಾತವನ್ನು ಮುಂದೆ ತಂದು ಗುಣಿಸಿ ಘಾತದಲ್ಲಿ ಒಂದು ಕಳೆಯುವುದು, ಒಂಟಿ ಸಂಖ್ಯೆಯ ಡೆರಿವೇಟಿವ್ ಸೊನ್ನೆ, ಸೈನ್‌ನದು ಕಾಸ್ ಮತ್ತು ಕಾಸ್‌ನದು ಮೈನಸ್ ಸೈನ್. ಸ್ಥಾನ 5 + 3ಟಿ² ಮೀಟರ್ ಎಂದಿದ್ದರೆ ವೇಗ 6ಟಿ. ಎರಡನೇ ಸೆಕೆಂಡಿನ ಕೊನೆಗೆ ಸೆಕೆಂಡಿಗೆ 12 ಮೀಟರ್, ವೇಗೋತ್ಕರ್ಷ ಎಲ್ಲ ಕ್ಷಣದಲ್ಲೂ 6. ಇಂಥ ಇಪ್ಪತ್ತು ಲೆಕ್ಕ ಕೈಯಾರೆ ಮಾಡಿದರೆ ಎರಡನೇ ಪಾಠದ ಭಯ ಮುಗಿಯಿತು. ಇಂಟಿಗ್ರೇಶನ್ ಇದನ್ನೇ ತಿರುವಿ ಮಾಡುವ ಕೆಲಸ. ಲಿಮಿಟ್ ಎಂದರೇನು, ಇದು ಯಾಕೆ ಹೀಗೆ ಎಂಬುದೆಲ್ಲ ಗಣಿತದ ಕ್ಲಾಸಿನಲ್ಲಿ ಬರುವಾಗ ಬರಲಿ.

ವೆಕ್ಟರ್‌ನಲ್ಲಿ ಮಕ್ಕಳು ತಪ್ಪುವುದು ಕೂಡಿಸುವಲ್ಲಿ. 3 ನ್ಯೂಟನ್ ಮತ್ತು 4 ನ್ಯೂಟನ್ ಬಲ ಎಂದ ಕೂಡಲೇ 7 ಎನ್ನುತ್ತಾರೆ. ಎರಡೂ ಒಂದೇ ದಿಕ್ಕಿಗಿದ್ದರೆ ಮಾತ್ರ 7. ಲಂಬವಾಗಿದ್ದರೆ 5, ನಡುವೆ 60 ಡಿಗ್ರಿ ಇದ್ದರೆ 37ರ ವರ್ಗಮೂಲ, ಸುಮಾರು 6.1, ಎದುರುಬದುರಾದರೆ 1. ಈ ನಾಲ್ಕನ್ನೂ ಸ್ಕೇಲು ಮತ್ತು ಪ್ರೊಟ್ರಾಕ್ಟರ್ ಹಿಡಿದು, ಒಂದು ಸೆಂಟಿಮೀಟರಿಗೆ ಒಂದು ನ್ಯೂಟನ್ ಎಂದು ಕಾಗದದಲ್ಲಿ ಎಳೆದು ಅಳೆದು ನೋಡಬೇಕು. ಅಳೆದದ್ದು ಮರೆಯುವುದಿಲ್ಲ. ಇಳಿಜಾರಿನ ಲೆಕ್ಕದಲ್ಲಿ ಸೈನ್ ಎಲ್ಲಿ, ಕಾಸ್ ಎಲ್ಲಿ ಎಂದು ಗೊಂದಲವಾದರೆ ಕೋನವನ್ನು ಸೊನ್ನೆ ಮಾಡಿ ನೋಡಿ. ನೆಲ ಸಮತಟ್ಟಾದಾಗ ವಸ್ತು ಜಾರುವುದಿಲ್ಲ, ಸೈನ್ ಸೊನ್ನೆ ಎಂದರೂ ಸೊನ್ನೆ. ಹಾಗಾದರೆ ಇಳಿಜಾರಿನ ಉದ್ದಕ್ಕೆ ಎಳೆಯುವ ಭಾಗ ಸೈನ್‌ನದೇ.

ಲಾಗ್‌ಗೆ ಮೂರು ಸಂಖ್ಯೆ ಬಾಯಿಪಾಠ ಮಾಡಿ: ಲಾಗ್ 2 ಅಂದರೆ 0.301, ಲಾಗ್ 3 ಅಂದರೆ 0.477, ಲಾಗ್ 7 ಅಂದರೆ 0.845. ಗುಣಾಕಾರ ಕೂಡುವುದಾಗುತ್ತದೆ, ಭಾಗಾಕಾರ ಕಳೆಯುವುದಾಗುತ್ತದೆ. ಇಷ್ಟರಿಂದ ಒಂದಂಕಿಯ ಎಲ್ಲ ಸಂಖ್ಯೆಗಳ ಲಾಗ್ ಸಿಗುತ್ತದೆ. ಲಾಗ್ 10 ಅಂದರೆ 1, ಅದರಿಂದ ಲಾಗ್ 2 ಕಳೆದರೆ ಲಾಗ್ 5, ಅಂದರೆ 0.699. 0.001 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 3, 0.002 ಮೋಲಾರ್ ಆದರೆ 3ರಿಂದ 0.301 ಕಳೆದದ್ದು, ಅಂದರೆ 2.7. ಆಮ್ಲದ ಸಾರತೆ ಇಮ್ಮಡಿಯಾದರೆ ಪಿಎಚ್ ಅರ್ಧವಾಗುತ್ತದೆ ಎಂದು ಬರೆಯುವ ಮಕ್ಕಳಿಗೆ ಈ ಒಂದು ಲೆಕ್ಕ ಸಾಕು. ಪ್ಲಸ್ ಟುವಿನ ಕೆಮಿಕಲ್ ಕೈನೆಟಿಕ್ಸ್‌ನಲ್ಲಿ 2.303 ಮತ್ತು 0.693 ಪದೇ ಪದೇ ಬರುತ್ತವೆ. ಮೊದಲನೆಯದು ಲಾಗ್‌ನ ಬುಡ 10ರಿಂದ ಇ ಆಗುವಾಗ ಬರುವ ಗುಣಕ, ಎರಡನೆಯದು ಅದನ್ನು ಲಾಗ್ 2ರಿಂದ ಗುಣಿಸಿದ್ದು. ಗೊತ್ತಿದ್ದವರಿಗೆ ಸೂತ್ರ ಉರು ಹೊಡೆಯುವ ಕಷ್ಟವಿಲ್ಲ.

ಕೆಮಿಸ್ಟ್ರಿ ಎಂದರೆ ನೆನಪಿನ ವಿಷಯ ಎಂಬ ಭ್ರಮೆ ನಮ್ಮ ಕಡೆ ಗಟ್ಟಿಯಾಗಿದೆ. ಮೊದಲ ಪಾಠವೇ ಮೋಲ್ (ಪದಾರ್ಥದ ಪ್ರಮಾಣದ ಮಾನ), ಅದು ಶುದ್ಧ ಲೆಕ್ಕ. ಅಡಿಕೆ ತೋಟವಿರುವ ಮನೆಯ ಮಕ್ಕಳಿಗೆ ಇದನ್ನು ಕಲಿಸಲು ಬೇರೆ ಉದಾಹರಣೆ ಯಾಕೆ? ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತಿನ ಹರಳಿನಲ್ಲಿ ಐದು ನೀರಿನ ಅಣುಗಳಿವೆ. ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕ 64, ನೀರು 90, ಕೂಡಿದರೆ 249.5. ಸಾವಿರ ಗ್ರಾಂ ಅಂದರೆ ಹೆಚ್ಚುಕಡಿಮೆ 4 ಮೋಲ್. ಡ್ರಮ್ಮಿನ ನೂರು ಲೀಟರಿಗೆ 4 ಮೋಲ್ ತಾಮ್ರ, ಲೀಟರಿಗೆ 0.04. ಹರಳಿನ ನೀರನ್ನು ಮರೆತು 159.5 ಹಿಡಿದರೆ 6.3 ಮೋಲ್ ಬರುತ್ತದೆ. ಪರೀಕ್ಷೆಯಲ್ಲಿ ಮಾರ್ಕು ಹೋಗುವುದೂ ಇಲ್ಲೇ. ಇನ್ನು, ಐವತ್ತು ಲೀಟರಿನಲ್ಲಿ ಕರಗಿಸಿದ ಮೈಲುತುತ್ತನ್ನು ಇನ್ನೈವತ್ತು ಲೀಟರಿನ ಸುಣ್ಣದ ನೀರಿಗೆ ಕಲಕುತ್ತಾ ಹೊಯ್ದ ಮೇಲೆ ಹಿರಿಯರು ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರಲ್ಲ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆನ್ನುತ್ತಾರಲ್ಲ, ಅದು ಏಳನೇ ಪಾಠದ ರೆಡಾಕ್ಸ್. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟು ಕರಗುತ್ತದೆ, ದ್ರಾವಣದಲ್ಲಿ ಉಳಿದ ತಾಮ್ರದ ಅಯಾನು ಅವನ್ನು ಹಿಡಿದು ಅಲಗಿನ ಮೇಲೆ ಲೋಹವಾಗಿ ಕೂರುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಬೋರ್ಡೋ ಮಾಡಬಾರದೆಂಬ ಮಾತಿಗೂ ಇದೇ ಕಾರಣ. ಪ್ಲಸ್ ಟುವಿನ ಎಲೆಕ್ಟ್ರೋಕೆಮಿಸ್ಟ್ರಿಗೆ ಬಂದರೆ ತಾಮ್ರದ್ದು 0.34 ವೋಲ್ಟ್, ಕಬ್ಬಿಣದ್ದು ಮೈನಸ್ 0.44, ವ್ಯತ್ಯಾಸ 0.78. ಅದೇ ಕತ್ತಿಯ ಅಲಗು ಅಲ್ಲಿ ಸೆಲ್ ಆಗುತ್ತದೆ.

ಈಗ ಆಯ್ಕೆಯ ವಿಚಾರ. ಸಯನ್ಸ್‌ನಲ್ಲಿ ಒಂಬತ್ತು ಕಾಂಬಿನೇಶನ್‌ಗಳಿದ್ದರೂ ನಮ್ಮ ಕಡೆ ಎಲ್ಲರೂ ಮೊದಲು ಬರೆಯುವುದು 01, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಗಣಿತ. "ಎರಡೂ ಬಾಗಿಲು ತೆರೆದಿರಲಿ" ಎಂಬ ವಾದ. ವಾದದಲ್ಲಿ ಹುರುಳಿದೆ, ಆದರೆ ಅದಕ್ಕೆ ಕೊಡುವ ಬೆಲೆ ಲೆಕ್ಕಹಾಕಿ. ಬಯಾಲಜಿ ಎಂದರೆ ಬಾಟನಿ ಮತ್ತು ಜುವಾಲಜಿ ಎರಡು, ಇಬ್ಬರು ಅಧ್ಯಾಪಕರು, ಪರೀಕ್ಷೆಯಲ್ಲಿ ಮೂವತ್ತು ಮೂವತ್ತು ಅಂಕ, ಎರಡು ರೆಕಾರ್ಡ್ ಪುಸ್ತಕ. ಪ್ಲಸ್ ವನ್‌ನಲ್ಲೇ ಹತ್ತೊಂಬತ್ತು ಪಾಠ. ವೈದ್ಯಕೀಯ, ನರ್ಸಿಂಗ್ ಕಡೆಗೆ ಖಂಡಿತ ಹೋಗುವುದಿಲ್ಲ ಎಂಬ ಮಗುವಿಗೆ 05, ಅಂದರೆ ಬಯಾಲಜಿಯ ಬದಲು ಕಂಪ್ಯೂಟರ್ ಸಯನ್ಸ್, ಹಗುರ. ಗಣಿತವನ್ನು ಕಂಡರೆ ಆಗದ, ನರ್ಸಿಂಗ್ ಬೇಕೆನ್ನುವ ಮಗುವಿಗೆ ಗಣಿತವಿಲ್ಲದ ಕಾಂಬಿನೇಶನ್ ಇದೆ. ಆದರೆ ಎಲ್ಲ ಶಾಲೆಯಲ್ಲಿ ಇಲ್ಲ, ಮೊದಲೇ ವಿಚಾರಿಸಿ. ಮೇಲೆ ಹೇಳಿದ ಡೆರಿವೇಟಿವ್, ವೆಕ್ಟರ್, ಲಾಗ್ ಅವರನ್ನೂ ಬಿಡುವುದಿಲ್ಲ, ಗಣಿತದ ಅಧ್ಯಾಪಕರು ಮಾತ್ರ ಇರುವುದಿಲ್ಲ! ಎಂಜಿನಿಯರಿಂಗ್ ಆಸೆಯಿದ್ದರೆ ಕೇರಳದ ಪ್ರವೇಶ ಪರೀಕ್ಷೆಯ 150 ಪ್ರಶ್ನೆಗಳಲ್ಲಿ 75 ಗಣಿತ, 45 ಫಿಸಿಕ್ಸ್, 30 ಕೆಮಿಸ್ಟ್ರಿ ಎಂದು ನೆನಪಿಡಿ. ಕೈಕೆಲಸದಲ್ಲಿ ಆಸಕ್ತಿಯಿದ್ದು ಪುಸ್ತಕದಲ್ಲಿ ಕಡಿಮೆ ಇರುವವರಿಗೆ ಹತ್ತರ ನಂತರ ಮೂರು ವರ್ಷದ ಪಾಲಿಟೆಕ್ನಿಕ್ ಇದೆ, ಅಲ್ಲಿಂದ ಬಿ.ಟೆಕ್. ಎರಡನೇ ವರ್ಷಕ್ಕೆ ನೇರ ದಾರಿಯೂ ಇದೆ. ಅದನ್ನು ಸೋತವರ ದಾರಿ ಎಂದು ನೋಡುವ ಅಭ್ಯಾಸ ಯಾಕೋ ನಮ್ಮಲ್ಲಿ ಹೋಗಿಲ್ಲ.

ಎಸ್ಸೆಸ್ಸೆಲ್ಸಿ ಗ್ರೇಡಿಗಿಂತ ನಂಬಬಹುದಾದ ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಕ್ಯಾಲ್ಕುಲೇಟರ್ ಇಲ್ಲದೆ, ಇಪ್ಪತ್ತು ನಿಮಿಷ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಎಷ್ಟು ಮೀಟರ್? 4 ಓಮ್ ಮತ್ತು 6 ಓಮ್ ಸಮಾಂತರವಾಗಿದ್ದರೆ ಎಷ್ಟು? ವಿ² = ಯು² + 2ಎಎಸ್ ಎಂಬುದರಿಂದ ಎ ಯನ್ನು ಒಂಟಿಯಾಗಿ ಒಂದು ಬದಿಗೆ ತನ್ನಿ. ಆರು ಗುಣಿಸು ಹತ್ತರ ಘಾತ 8 ಅನ್ನು, ಮೂರು ಗುಣಿಸು ಹತ್ತರ ಘಾತ ಮೈನಸ್ 2 ರಿಂದ ಭಾಗಿಸಿ. ಉತ್ತರಗಳು 20, 2.4 ಓಮ್, ಎ = (ವಿ² - ಯು²)/2ಎಸ್, ಎರಡು ಗುಣಿಸು ಹತ್ತರ ಘಾತ 10. ಕೊನೆಯದಕ್ಕೆ ಘಾತ 6 ಎಂದವರು ಮೈನಸ್‌ನ್ನು ಕಳೆಯುವಲ್ಲಿ ತಪ್ಪಿದ್ದಾರೆ, ಒಂದು ದಿನದಲ್ಲಿ ಸರಿಯಾಗುತ್ತದೆ. ಮೂರನೆಯದನ್ನು ಎಲ್ಲಿಂದ ಶುರುಮಾಡುವುದೆಂದೇ ತೋಚದಿದ್ದರೆ ಕಾಂಬಿನೇಶನ್ ಯಾವುದಾದರೂ ಸರಿ, ಮೊದಲು ಒಂಬತ್ತು ಮತ್ತು ಹತ್ತರ ಬೀಜಗಣಿತ ಮತ್ತೆ ಕೈಗೆತ್ತಿಕೊಳ್ಳಬೇಕು.

ಒಪ್ಶನ್ ಬರೆಯುವಾಗಿನ ತಪ್ಪುಗಳು ಬೇರೆಯೇ. ಶಾಲೆ ಮತ್ತು ಕೋರ್ಸ್ ಕೂಡಿದರೆ ಒಂದು ಒಪ್ಶನ್. ಸಿಕ್ಕಿದರೆ ಹೋಗಲಾರೆ ಎನ್ನುವ ಶಾಲೆಯನ್ನು ಸಂಖ್ಯೆ ತುಂಬಿಸಲು ಬರೆಯಬೇಡಿ. ಅಲೋಟ್‌ಮೆಂಟ್ ಬಂದು ಸೇರದಿದ್ದರೆ ಮುಂದಿನ ಅಲೋಟ್‌ಮೆಂಟ್‌ಗಳಿಂದಲೂ ಹೊರಗೆ. ಕೆಳಗಿನ ಒಪ್ಶನ್ ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು, ಮೊದಲ ಒಪ್ಶನ್ನೇ ಸಿಕ್ಕಿದರೆ ಸ್ಥಿರವಾಗಿಯೇ ಸೇರಬೇಕು. ಆ ಶಾಲೆಯಲ್ಲಿ ಎರಡನೇ ಭಾಷೆಯಾಗಿ ಕನ್ನಡ ಇದೆಯೇ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ನೋಡಿಕೊಳ್ಳಿ. ಒಟ್ಟು 1200ರಲ್ಲಿ 200 ಅಂಕ ಅದರದ್ದು. ಸಯನ್ಸ್‌ನ ಭಾರ ಹೊತ್ತ ಮಗುವಿಗೆ ಹೊಸ ಭಾಷೆಯನ್ನೂ ಹೊರಿಸುವುದು ಬೇಡ. ಸಂಜೆಯ ಬಸ್ಸನ್ನೂ ವಿಚಾರಿಸಿ. ಲ್ಯಾಬ್ ಇರುವ ದಿನ ತಡವಾಗುತ್ತದೆ.

ಲ್ಯಾಬ್ ಎಂದಾಗ ನೆನಪಾಯಿತು. ಫಿಸಿಕ್ಸ್, ಕೆಮಿಸ್ಟ್ರಿಗಳಲ್ಲಿ ತಲಾ 200ರಲ್ಲಿ 40 ಪ್ರಾಕ್ಟಿಕಲ್‌ಗೆ. ಟೈಟ್ರೇಶನ್‌ನಲ್ಲಿ ಎರಡು ಸಲದ ರೀಡಿಂಗ್ ಹೊಂದದಿರುವುದಕ್ಕೆ ಕಾರಣ ಸಾಮಾನ್ಯವಾಗಿ ನಾಲ್ಕೇ. ಬ್ಯೂರೆಟ್‌ನ್ನು ನೀರಿನಲ್ಲಿ ತೊಳೆದು ಅದೇ ದ್ರಾವಣದಿಂದ ಮತ್ತೊಮ್ಮೆ ತೊಳೆಯದೆ ತುಂಬಿಸಿದ್ದು, ಕೋನಿಕಲ್ ಫ್ಲಾಸ್ಕನ್ನು ನೀರಿನ ಬದಲು ದ್ರಾವಣದಿಂದ ತೊಳೆದದ್ದು, ಬ್ಯೂರೆಟ್ ಮೇಲಿಟ್ಟ ಫನೆಲ್ ತೆಗೆಯದೆ ಅದರಿಂದ ತೊಟ್ಟಿಕ್ಕಿದ್ದು, ಕೆಳಗಿನ ಕೊಕ್ಕಿನಲ್ಲಿ ಗಾಳಿಗುಳ್ಳೆ ಉಳಿದದ್ದು. ಫಿನಾಲ್ಫ್ತಲೀನ್ ಎರಡು ತೊಟ್ಟು ಸಾಕು. ಬಣ್ಣ ಕಡುಗುಲಾಬಿಯಾಗಿ ಚೆನ್ನಾಗಿ ಕಂಡಿತೆಂದರೆ ಅಂತ್ಯಬಿಂದು ದಾಟಿದೆ. ಬಿಳಿ ಕಾಗದದ ಮೇಲಿಟ್ಟು ನೋಡಿದಾಗ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಗುಲಾಬಿಯಲ್ಲಿ ನಿಲ್ಲಿಸಬೇಕು.

ಕೋಚಿಂಗ್ ಬಗ್ಗೆ ಒಂದೇ ಮಾತು: ಪ್ಲಸ್ ವನ್‌ನ ಮೊದಲ ಆರು ತಿಂಗಳು ಬೆಳಿಗ್ಗೆ ಕೋಚಿಂಗ್, ಹಗಲು ಶಾಲೆ, ರಾತ್ರಿ ರೆಕಾರ್ಡ್ ಎಂದಾದರೆ ಮಗು ತಾನೇ ಕೂತು ಲೆಕ್ಕ ಮಾಡುವ ಹೊತ್ತು ಯಾವುದು? ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ ಬರೆಯುವವರು ಗಮನಿಸಬೇಕಾದ್ದು ಬೇರೆ. ನೀಟ್‌ನ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಮಗು ಕನ್ನಡ ಬೇಕೆಂದರೆ ಅರ್ಜಿ ತುಂಬುವಾಗಲೇ ಮಂಗಳೂರಿನಂಥ ಕೇಂದ್ರವನ್ನು ಆರಿಸಬೇಕು. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ, ಹಾಗಾಗಿ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವರು ಕನ್ನಡವನ್ನು ಆಸರೆಗೆ ಮಾತ್ರ ಇಟ್ಟುಕೊಳ್ಳುವುದು ಜಾಣತನ. ಅಲ್ಲಿ 180 ಪ್ರಶ್ನೆಗೆ 180 ನಿಮಿಷ, ತಪ್ಪಿಗೆ ಒಂದು ಅಂಕ ಕಡಿತ. ಕರ್ನಾಟಕದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಕಡಿತವಿಲ್ಲ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು, ಕೊಡವ ಮನೆಮಾತಿನವರು ಗಡಿನಾಡ ಕನ್ನಡಿಗರಾಗಿ ಅದಕ್ಕೆ ಅರ್ಹರು, ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕು. ವಾಸದ ಮತ್ತು ವ್ಯಾಸಂಗದ ದಾಖಲೆಗಳನ್ನು ಪ್ಲಸ್ ಟುವಿನ ಡಿಸೆಂಬರಿನಲ್ಲೇ ಸಿದ್ಧಮಾಡಿಟ್ಟರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ನಮ್ಮ ಬೇಡಿಕೆ ಎರಡು. ಹೈಯರ್ ಸೆಕೆಂಡರಿ ಶಾಲೆಗಳು ಪ್ಲಸ್ ವನ್‌ನ ಮೊದಲ ಎರಡು ವಾರಗಳಲ್ಲಿ ಗಣಿತದ ಎಂಟು ಪೀರಿಯಡ್‌ಗಳನ್ನು ಡೆರಿವೇಟಿವ್, ವೆಕ್ಟರ್, ಲಾಗ್‌ಗೆ ಮೀಸಲಿಡಲಿ: ಮೂರು, ಮೂರು, ಎರಡು. ಗಣಿತವಿಲ್ಲದ ಬ್ಯಾಚಿನ ಮಕ್ಕಳನ್ನೂ ಅಲ್ಲಿ ಕೂರಿಸಲಿ. ಇದಕ್ಕೆ ಹಣವೂ ಬೇಡ, ಆದೇಶವೂ ಬೇಡ, ಫಿಸಿಕ್ಸ್ ಮತ್ತು ಗಣಿತದ ಅಧ್ಯಾಪಕರು ಸ್ಟಾಫ್‌ರೂಮಿನಲ್ಲಿ ಒಮ್ಮೆ ಕೂತರೆ ಸಾಕು. ಎರಡನೆಯದು ತಮ್ಮಲ್ಲಿ. ಜೂನ್ ಮತ್ತು ಜುಲೈಯಲ್ಲಿ ವಾರಕ್ಕೊಂದು ದಿನ ಪತ್ರಿಕೆಯ ಒಂದು ಮೂಲೆಯಲ್ಲಿ ನಲವತ್ತು ವಿಜ್ಞಾನ ಪದಗಳನ್ನು ಇಂಗ್ಲಿಷ್, ಕನ್ನಡ, ಮಲಯಾಳ ಎಂದು ಮೂರು ಸಾಲಾಗಿ ಅಚ್ಚು ಹಾಕಿ. ಎಂಟು ವಾರಕ್ಕೆ ಮುನ್ನೂರಿಪ್ಪತ್ತು ಪದ, ಪ್ಲಸ್ ವನ್‌ನ ಮೊದಲ ಟರ್ಮಿಗೆ ಧಾರಾಳ. ಪಟ್ಟಿ ತಯಾರಿಸಿ ಕೊಡುವ ಕೆಲಸ ನಮ್ಮದು. ಮೊದಲ ಕಂತನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ, 'ಸ್ಪೀಡ್ - ಜವ - ವೇಗಂ' ಎಂಬಲ್ಲಿಂದ ಅದು ಶುರುವಾಗುತ್ತದೆ.

ಇತಿ,
ಕೆಲವು ಹೈಯರ್ ಸೆಕೆಂಡರಿ ವಿಜ್ಞಾನ ಮತ್ತು ಗಣಿತ ಅಧ್ಯಾಪಕರು,
ಮಂಜೇಶ್ವರ ಮತ್ತು ಕಾಸರಗೋಡು ತಾಲೂಕು